ಕೋಲ್ಮನ್ಸ್‌ಕೋಪ್ ಟೂರ್ ಚೆನ್ನಾಗಿದೆ, ಆದರೆ ಶಾರ್ಕ್ ಐಲ್ಯಾಂಡ್ ಬಿಡಬೇಡಿ

ನಮೀಬಿಯಾಗೆ ಹೋದವರು ಜಾಸ್ತಿ ಸೋಸಸ್‌ಫ್ಲೇಯ ಕೆಂಪು ಮರಳುಗುಡ್ಡ ನೋಡಿ ವಾಪಸ್ ಬರುತ್ತಾರೆ. ನಾವು ಇನ್ನೂ ದಕ್ಷಿಣಕ್ಕೆ, ಲ್ಯೂಡೆರಿಟ್ಸ್ ಅನ್ನುವ ಕಡಲತೀರದ ಊರಿಗೆ ಹೋದೆವು. ಒಂದು ಕಡೆ ಅಟ್ಲಾಂಟಿಕ್, ಮೂರು ಕಡೆ ನಮೀಬ್ ಮರುಭೂಮಿ. ದಪ್ಪ ಜಾಕೆಟ್ ತಗೊಂಡು ಹೋಗಿ. ಬೆಂಗ್ವೇಲಾ ಅನ್ನುವ ತಣ್ಣನೆಯ ಸಮುದ್ರ ಪ್ರವಾಹದಿಂದ ಇಲ್ಲಿ ಮಳೆ ಇಲ್ಲ, ಚಳಿಗಾಳಿ ಮಾತ್ರ ಬೇಕಾದಷ್ಟಿದೆ.

ಉಳಿದುಕೊಂಡ ಕಡೆಯಿಂದಲೇ ಅರ್ಧ ದಿನದ ಟೂರ್ ಬುಕ್ ಮಾಡಿದೆವು. ಹತ್ತು ಕಿ.ಮೀ. ದೂರದಲ್ಲಿ ಕೋಲ್ಮನ್ಸ್‌ಕೋಪ್, ಈಗ ಪಾಳುಬಿದ್ದಿರುವ ವಜ್ರದ ಗಣಿಯ ಊರು. 1908ರಲ್ಲಿ ಜಕರಿಯಾಸ್ ಲೆವಾಲಾ ಎಂಬ ರೈಲ್ವೆ ಕೂಲಿಯವರಿಗೆ ಹಳಿ ಮೇಲಿನ ಮರಳು ಗೋರುವಾಗ ವಜ್ರ ಸಿಕ್ಕಿತು. ಅದನ್ನು ಮೇಲ್ವಿಚಾರಕ ಆಗಸ್ಟ್ ಸ್ಟೌಚ್ ಕೈಗೆ ಕೊಟ್ಟರು. ಸ್ಟೌಚ್ ಶ್ರೀಮಂತನಾದ, ಲೆವಾಲಾಗೆ ಏನೂ ಸಿಗಲಿಲ್ಲ. ಆಮೇಲೆ, ಆಗ ಈ ನಾಡನ್ನು ಆಳುತ್ತಿದ್ದ ಜರ್ಮನರು ಮರಳಿನ ಮಧ್ಯೆ ಆಸ್ಪತ್ರೆ, ಐಸ್ ಫ್ಯಾಕ್ಟರಿ, ಪಿನ್ ಉರುಳಿಸುವ ಬೌಲಿಂಗ್ ಅಂಕಣ ಎಲ್ಲಾ ಕಟ್ಟಿಕೊಂಡರು. 1956ರ ಹೊತ್ತಿಗೆ ಊರು ಪೂರ್ತಿ ಖಾಲಿ.

ಈಗ ಮನೆಗಳೊಳಗೆ ಮರಳೇ ಸಂಸಾರ ಮಾಡುತ್ತಿದೆ. ಒಂದು ಕೋಣೆಯ ಬಾಗಿಲು ಅರ್ಧಕ್ಕೆ ಹೂತುಹೋಗಿ, ಮುಚ್ಚಲೂ ಆಗದೆ ತೆರೆಯಲೂ ಆಗದೆ ನಿಂತಿತ್ತು, ನಾವು ಪಕ್ಕದಿಂದ ನುಸುಳಿ ಒಳಗೆ ಹೋದರೆ ಮೊಣಕಾಲುದ್ದ ಮರಳು, ಗೋಡೆಯ ಮೇಲೆ ಮಾತ್ರ ತಿಳಿನೀಲಿ ಬಣ್ಣ ಹಾಗೇ ಉಳಿದಿತ್ತು. ಗೈಡ್ ಅವಸರ ಮಾಡಲಿಲ್ಲ, ಬೇಕಾದಷ್ಟು ಹೊತ್ತು ಬಿಟ್ಟರು. ಅದಕ್ಕೆ ಪೂರ್ತಿ ಅಂಕ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಗಾಳಿ ಎದ್ದರೆ ಕ್ಯಾಮೆರಾ ಕಥೆ ಮುಗಿಯಿತು.

ನನಗೆ ಬೇಜಾರಾದದ್ದು ಒಂದೇ. ಲ್ಯೂಡೆರಿಟ್ಸ್ ಪಕ್ಕದಲ್ಲೇ ಇರುವ ಶಾರ್ಕ್ ಐಲ್ಯಾಂಡಿಗೆ ಕರೆದುಕೊಂಡು ಹೋಗುತ್ತೀರಾ ಅಂತ ಗೈಡ್‌ನ ಕೇಳಿದರೆ, ಅಲ್ಲಿ ಕ್ಯಾಂಪ್‌ಸೈಟ್ ಇದೆ ಅಷ್ಟೇ, ನೋಡುವಂಥದ್ದು ಏನಿಲ್ಲ ಅಂದುಬಿಟ್ಟರು. 1905ರಿಂದ 1907ರವರೆಗೆ ಇಲ್ಲಿನ ಮೂಲನಿವಾಸಿಗಳಾದ ಹೆರೆರೋ ಮತ್ತು ನಾಮಾ ಜನರನ್ನು, ಹೆಂಗಸರು ಮಕ್ಕಳ ಸಮೇತ, ಜರ್ಮನರು ಕೂಡಿಹಾಕಿದ್ದು ಅಲ್ಲೇ. ಲ್ಯೂಡೆರಿಟ್ಸ್‌ನಿಂದ ಒಳನಾಡಿಗೆ ರೈಲು ಹಳಿ ಹಾಕಲು ಅವರನ್ನೇ ದುಡಿಸಿದರು. ಆ ಹಳಿ ಕೆಲಸದ ದಾಖಲೆಯಲ್ಲಿರುವ 2,014 ಕೈದಿಗಳಲ್ಲಿ 1,359 ಜನ ಸತ್ತರು. ಲೆವಾಲಾ ಮರಳು ಗೋರುತ್ತಿದ್ದದ್ದೂ ಅದೇ ದಾರಿಯ ಹಳಿ. ಇದನ್ನು ಹೇಳದೆ ಬರೀ ವಜ್ರದ ವೈಭವ ಹೇಳಿದರೆ ಕಥೆ ಅರ್ಧವೂ ಆಗಲ್ಲ ಅಲ್ವಾ? ಟೂರ್ ಬುಕ್ ಮಾಡುವಾಗಲೇ ಶಾರ್ಕ್ ಐಲ್ಯಾಂಡ್ ಸೇರಿಸಿ ಅಂತ ಕೇಳಿ.

ಒಪ್ಪದಿದ್ದರೂ ಚಿಂತೆಯಿಲ್ಲ. ಈಗ ಅದು ದ್ವೀಪವಲ್ಲ, ರಸ್ತೆ ಇದೆ. ಮರುದಿನ ಬೆಳಿಗ್ಗೆ ನಾವೇ ನಡೆದು ಹೋದೆವು. ಅಲ್ಲೇ ತೀರಿಕೊಂಡ ನಾಮಾ ನಾಯಕ ಕಾರ್ನೇಲಿಯಸ್ ಫ್ರೆಡರಿಕ್ಸ್ ಅವರ ಸ್ಮಾರಕದ ಕಲ್ಲು ಇದೆ. ಎರಡು ಜಾಕೆಟ್ ಹಾಕಿಕೊಂಡೂ ಅದರ ಮುಂದೆ ಹತ್ತು ನಿಮಿಷ ನಿಲ್ಲುವುದು ಕಷ್ಟವಾಯಿತು, ಗಾಳಿ ಅಷ್ಟು ಕೊರೆಯುತ್ತಿತ್ತು.