ಹಗುರ ಎಂಬ ಒಂದೇ ಕಾರಣಕ್ಕೆ ಕ್ಲೈಂಬರ್ ಸ್ಟ್ಯಾಂಡ್ ಕೊಳ್ಳಬೇಡಿ

ನವೆಂಬರ್ ಮೊದಲ ವಾರ, ಮಿಷಿಗನ್‌ನ ಸರ್ಕಾರಿ ಕಾಡು, ನಸುಕಿನ ಹೊತ್ತು. ಬಿಲ್ಲಿನಿಂದ ಜಿಂಕೆ ಬೇಟೆಯಾಡಲು ಕ್ಲೈಂಬರ್ ಸ್ಟ್ಯಾಂಡಿನಲ್ಲಿ ಮರ ಹತ್ತಿಯಾಗಿತ್ತು. ಮೇಲೆ ಸೀಟು, ಕೆಳಗೆ ಕಾಲೂರುವ ಪ್ಲಾಟ್‌ಫಾರ್ಮ್, ಎರಡನ್ನೂ ಒಂದಾದ ಮೇಲೊಂದು ಸರಿಸುತ್ತ ಮರ ಏರಿ ಕೂರುವ ಸಾಧನ ಅದು. ನೆಲದಿಂದ 16 ಅಡಿ ಮೇಲೆ ಸೀಟಿನಲ್ಲಿ ಕೂತು ಕಾಲಿನ ಭಾರ ಸ್ವಲ್ಪ ಎತ್ತಿದ್ದಷ್ಟೇ, ಕೆಳಗಿನ ಪ್ಲಾಟ್‌ಫಾರ್ಮ್ ಹಿಡಿತ ಬಿಟ್ಟು ಬುಡದವರೆಗೂ ಜಾರಿಹೋಯಿತು. ಮೈಗೆ ತೊಟ್ಟ ಹಾರ್ನೆಸ್ (ಬೀಳದಂತೆ ತಡೆಯುವ ಪಟ್ಟಿಗಳ ಕವಚ) ಮರಕ್ಕೆ ಕಟ್ಟಿತ್ತು, ಫೋನ್ ಎದೆಯ ಜೇಬಿನಲ್ಲಿತ್ತು. ಏಣಿ ಬರುವವರೆಗೆ ಒಂದು ಗಂಟೆಗೂ ಮೀರಿ ಸೀಟಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕಾಯಬೇಕಾಯಿತು, ಅಷ್ಟರಲ್ಲೇ ಮುಗಿಯಿತು. ಹಾರ್ನೆಸ್ ಇಲ್ಲದಿದ್ದರೆ ಈ ಬರಹದ ರೂಪವೇ ಬೇರೆ ಇರುತ್ತಿತ್ತು.

ಆಮೇಲೆ ಸ್ಟ್ಯಾಂಡನ್ನು ಬಿಚ್ಚಿ ನೋಡಿದರೆ ಯಾವ ಭಾಗವೂ ಮುರಿದಿರಲಿಲ್ಲ. ಕೇಬಲ್ ತುಂಡಾಗಿರಲಿಲ್ಲ, ವೆಲ್ಡಿಂಗ್ ಬಿಟ್ಟಿರಲಿಲ್ಲ. ಅದು 13 ಪೌಂಡ್, ಅಂದರೆ ಸುಮಾರು 6 ಕೆಜಿ ತೂಗುವ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಹ್ಯಾಂಡ್ ಕ್ಲೈಂಬರ್, ಅಂದರೆ ತೋಳಬಲದಲ್ಲೇ ಹತ್ತುವ ಮಾದರಿ. ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಜೋಡಿಸುವ ಸ್ಟ್ರಾಪ್ ಮಾತ್ರ ಇರಲಿಲ್ಲ. ಮಾರಿದವರು ತೂಕ ಉಳಿಸಲೆಂದು ತೆಗೆದಿಟ್ಟಿದ್ದರು. ಹತ್ತಿದ್ದು ನುಣುಪು ತೊಗಟೆಯ ಬೀಚ್ ಮರ, ಅದರ ಮೇಲೆ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿತ್ತು. ಬುಡದಲ್ಲಿ ಪ್ಲಾಟ್‌ಫಾರ್ಮನ್ನು ನೆಲಕ್ಕೆ ಸಮಾನಾಂತರವಾಗಿ ಕಟ್ಟಲಾಗಿತ್ತು. ಈ ಮೂರರಲ್ಲಿ ಒಂದು ಸರಿಯಿದ್ದರೂ ಪ್ಲಾಟ್‌ಫಾರ್ಮ್ ಬುಡ ಮುಟ್ಟುವ ಸಂಭವ ತೀರಾ ಕಡಿಮೆ ಇತ್ತು. ಅಮೆರಿಕದಲ್ಲಿ ಬಿಲ್ಲುಬೇಟೆಗೆ ಹೊಸದಾಗಿ ಇಳಿಯುವ ನಮ್ಮವರು ಮೊದಲು ಕೇಳುವ ಪ್ರಶ್ನೆಯೇ ‘ಯಾವುದು ಎಲ್ಲಕ್ಕಿಂತ ಹಗುರ?’ ಅದಕ್ಕೇ ಇಷ್ಟು ಬಿಡಿಸಿ ಬರೆಯಬೇಕಾಗಿದೆ. (ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಲ್ಲಿ ಜಿಂಕೆ ಬೇಟೆ ಅಪರಾಧ. ಇಲ್ಲಿ ಹೇಳುತ್ತಿರುವುದು ಅಮೆರಿಕದಲ್ಲಿ ಪರವಾನಗಿ ಪಡೆದು, ಋತು ನೋಡಿ ಆಡುವ ಬಿಳಿಬಾಲದ ಜಿಂಕೆ ಬೇಟೆಯ ವಿಷಯ.)

ಕ್ಲೈಂಬರ್ ಮರವನ್ನು ಹಿಡಿಯುವುದು ಹೇಗೆ ಎಂಬುದನ್ನು ಮೊದಲು ತಿಳಿಯಿರಿ. ಎರಡೂ ಭಾಗಗಳಲ್ಲಿ ಒಂದೊಂದು ಕೇಬಲ್ ಅಥವಾ ಬೆಲ್ಟ್ ಮರದ ಆಚೆ ಬದಿಯನ್ನು ಸುತ್ತಿ ಬರುತ್ತದೆ. ಈಚೆ ಬದಿಯಲ್ಲಿ ಹಲ್ಲುಗಳಿರುವ ಒಂದು ಪಟ್ಟಿ ತೊಗಟೆಗೆ ಒತ್ತಿಕೊಳ್ಳುತ್ತದೆ. ಮರದಿಂದ ದೂರಕ್ಕೆ ಚಾಚಿದ ಅಂಚಿನ ಕಡೆ ಭಾರ ಬಿದ್ದಾಗ ಇಡೀ ಚೌಕಟ್ಟು ಹೊರಗೆ ಕೆಳಕ್ಕೆ ವಾಲಲು ನೋಡುತ್ತದೆ. ಆಗ ಹಿಂದಿನ ಕೇಬಲ್ ಬಿಗಿಯುತ್ತದೆ, ಮುಂದಿನ ಹಲ್ಲು ಕಚ್ಚುತ್ತದೆ. ಹಿಡಿತವನ್ನು ಕೊಡುವುದು ನಿಮ್ಮ ಭಾರವೇ. ಭಾರ ತೆಗೆದರೆ ಹಿಡಿತವೂ ಹೋಯಿತು. ಸೀಟಿನಲ್ಲಿ ಕೂತು ಕಾಲೆತ್ತಿದರೆ ಕೆಳಗಿನ ಭಾಗಕ್ಕೆ ಭಾರವೇ ಇಲ್ಲ. ಗಾಳಿಗೆ ಮರ ತೂಗಿದರೂ ಸಾಕು, ಅದು ಸಡಿಲಬಹುದು. ಇನ್ನೊಂದು ಅಪಾಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬಾಣ ಬಿಡಲು ಎದ್ದು ನಿಂತಾಗ ಹಿಮ್ಮಡಿಯನ್ನು ಕಾಂಡಕ್ಕೆ ಒತ್ತಿ, ಪೂರ್ತಿ ಮರಕ್ಕೆ ಅಂಟಿಕೊಂಡು ನಿಂತರೂ ಹೊರ ಅಂಚಿನ ಮೇಲಿನ ಭಾರ ಕಡಿಮೆಯಾಗಿ ಹಿಡಿತ ಸಡಿಲುತ್ತದೆ.

ತುಮಕೂರು, ಹಾಸನದ ಕಡೆ ತೆಂಗಿನ ತೋಟ ನೋಡಿ ಬೆಳೆದವರಿಗೆ ಇದು ಪರಿಚಿತ ಅನ್ನಿಸಬಹುದು. ತೆಂಗಿನಮರ ಹತ್ತುವ ಯಂತ್ರದಲ್ಲೂ ಎರಡು ಚೌಕಟ್ಟು, ಎರಡು ತಂತಿಯ ಕುಣಿಕೆ. ಒಂದರ ಮೇಲೆ ನಿಂತು ಇನ್ನೊಂದನ್ನು ಮೇಲೆ ಸರಿಸುವುದು. ತತ್ವ ಒಂದೇ, ಮರ ಮಾತ್ರ ಬೇರೆ. ಆ ಅಭ್ಯಾಸ ಇಲ್ಲಿ ಕೈಕೊಡುವುದೂ ಅದಕ್ಕೇ. ತೆಂಗಿನ ಕಾಂಡ ವರ್ಷವರ್ಷಕ್ಕೆ ದಪ್ಪವಾಗುವುದಿಲ್ಲ. ಬುಡದ ಉಬ್ಬು ದಾಟಿದರೆ ಮೇಲಿನವರೆಗೂ ಹೆಚ್ಚುಕಮ್ಮಿ ಒಂದೇ ಗಾತ್ರ. ಓಕ್, ಪಾಪ್ಲರ್, ಬೀಚ್ ಹಾಗಲ್ಲ. ಅವು ವರ್ಷಕ್ಕೊಂದು ಉಂಗುರ ಬೆಳೆಸುತ್ತವೆ, ಬುಡ ದಪ್ಪ, ಮೇಲಕ್ಕೆ ಹೋದಂತೆ ಸಪೂರ. ಬುಡದಲ್ಲಿ 14 ಇಂಚು ವ್ಯಾಸವಿದ್ದ ಮರ 20 ಅಡಿ ಮೇಲೆ 11 ಇಂಚು ಇರಬಹುದು. ಕುಣಿಕೆಯ ಅಳತೆ ಅದೇ, ಮರ ಮಾತ್ರ ಕಿರಿದು. ಹಾಗಾಗಿ ಪ್ಲಾಟ್‌ಫಾರ್ಮಿನ ಹೊರ ಅಂಚು ಕೆಳಕ್ಕೆ ವಾಲುತ್ತ ಹೋಗುತ್ತದೆ.

ಇದಕ್ಕೆ ಪರಿಹಾರ ನೆಲದಲ್ಲೇ ಇದೆ. ಕಟ್ಟುವಾಗಲೇ ಎರಡೂ ಭಾಗಗಳ ಹೊರ ಅಂಚು ಎದ್ದು ಕಾಣುವಷ್ಟು ಮೇಲಕ್ಕಿರಲಿ. ಮೇಲೆ ತಲುಪುವ ಹೊತ್ತಿಗೆ ಅದು ತಾನಾಗಿ ಸಮತಟ್ಟಾಗುತ್ತದೆ. ಎಷ್ಟು ಎತ್ತಬೇಕು ಎಂಬುದನ್ನು ಮರ ನೋಡಿ ನಿರ್ಧರಿಸಿ. ನೆಲದಿಂದಲೇ ಕಣ್ಣಳತೆಯಲ್ಲಿ ಬುಡವನ್ನೂ ಕೂರುವ ಜಾಗವನ್ನೂ ಹೋಲಿಸಿ. ಸಪೂರ ಬೇಗ ಬರುವ ಮರಕ್ಕೆ ಹೆಚ್ಚು ಓರೆ ಬೇಕು. ಅರ್ಧ ದಾರಿಯಲ್ಲಿ ವಾಲಿಕೆ ಜಾಸ್ತಿಯಾದರೆ ಅಲ್ಲೇ ಕೇಬಲ್ ಹಿಡಿದಿರುವ ಪಿನ್ ತೆಗೆದು ಅದನ್ನು ಬಿಗಿಯುವ ಆಸೆಗೆ ಬೀಳಬೇಡಿ. ಪಿನ್ ತೆಗೆದ ಆ ಒಂದು ಕ್ಷಣ ಆ ಭಾಗ ಮರಕ್ಕೆ ಕಟ್ಟಿಲ್ಲ. ಇಳಿದು ಬಂದು ಮತ್ತೆ ಕಟ್ಟಿ. 20 ನಿಮಿಷ ಹೋದರೆ ಹೋಗಲಿ.

ಈಗ ಆ ಸ್ಟ್ರಾಪಿನ ವಿಷಯ. ಎರಡು ಭಾಗಗಳನ್ನು ಜೋಡಿಸುವ ಸ್ಟ್ರಾಪ್ ತೂಗುವುದು ಕೆಲವೇ ಔನ್ಸ್. ಪ್ಲಾಟ್‌ಫಾರ್ಮ್ ಜಾರಿದರೆ ಅದು ಕೆಳಗೆ ಹೋಗದಂತೆ ಕಾಲಿಗೆ ಎಟುಕುವಷ್ಟರಲ್ಲೇ ತಡೆದು ಹಿಡಿಯುವುದು ಅದರ ಕೆಲಸ. ಅದಿಲ್ಲದೆ ಪ್ಲಾಟ್‌ಫಾರ್ಮ್ ಜಾರಿದರೆ ನೀವು ಸೀಟಿನಲ್ಲಿ ಕೈದಿ. ಹ್ಯಾಂಡ್ ಕ್ಲೈಂಬರ್ ಆದರೆ ಇನ್ನೂ ಕಷ್ಟ, ಸೀಟು ಎನ್ನುವುದು ಒಂದು ಬಟ್ಟೆಯ ಪಟ್ಟಿಯಷ್ಟೇ. ಸ್ಟ್ರಾಪ್ ಇದ್ದರೂ ಅದರ ಉದ್ದ ನೋಡಿಕೊಳ್ಳಿ. ಒಂದು ಹೆಜ್ಜೆ ಹತ್ತುವುದಕ್ಕೆ ಎಷ್ಟು ಬೇಕೋ ಅಷ್ಟು, ಮತ್ತು ಕೂತಾಗ ಪ್ಲಾಟ್‌ಫಾರ್ಮ್ ಜಾರಿದರೂ ಕಾಲಿನ ಬೆರಳಿಗೆ ಸಿಗುವಷ್ಟು. ಮೇಲೆ ತಲುಪಿದ ಮೇಲೆ ಅದನ್ನು ಬಿಗಿಯಾಗಿ ಎಳೆದು ಕಟ್ಟಿ. ಹಳೆ ಸ್ಟ್ಯಾಂಡಿನದ್ದಾದರೆ ಬಿಸಿಲಿಗೆ ಬಣ್ಣ ಹೋಗಿ ಒರಟಾಗಿದೆಯೇ, ಗ್ಯಾರೇಜಿನಲ್ಲಿ ಇಲಿ ಕಡಿದಿದೆಯೇ ನೋಡಿ. ಅನುಮಾನ ಬಂದರೆ ತಯಾರಕರಿಂದಲೇ ಹೊಸದು ತರಿಸಿ. ಅಂಗಡಿಯ ಸಾಮಾನ್ಯ ಹಗ್ಗ ಇದಕ್ಕೆ ಬದಲಿಯಲ್ಲ.

ಹಗುರ ಸ್ಟ್ಯಾಂಡಿನಲ್ಲಿ ತೂಕ ಎಲ್ಲಿ ಹೋಯಿತು ಎಂದು ಕೇಳಿ ನೋಡಿ. ಮಾರುಕಟ್ಟೆಯಲ್ಲಿ ಸಾಮಾನ್ಯ ಕ್ಲೈಂಬರ್‌ಗಳು 18ರಿಂದ 22 ಪೌಂಡ್. 15ಕ್ಕಿಂತ ಕಡಿಮೆಯೆಂದರೆ ಏನನ್ನೋ ಬಿಟ್ಟಿದ್ದಾರೆ. ಹೆಚ್ಚಾಗಿ ಪ್ಲಾಟ್‌ಫಾರ್ಮಿನ ಅಗಲ, ಸೀಟಿನ ಚೌಕಟ್ಟು, ಅದರ ಮೆತ್ತೆ. ಕೂತು ಎದ್ದು ಹತ್ತುವ ಮಾದರಿಯಲ್ಲಿ ಸೀಟಿನ ಮೇಲೆ ಕೂತು, ಪಾದದಿಂದ ಪ್ಲಾಟ್‌ಫಾರ್ಮನ್ನು ಎಳೆದುಕೊಂಡು, ಎದ್ದು ನಿಂತು ಸೀಟನ್ನು ಮೇಲೆ ಸರಿಸುತ್ತೀರಿ. ಹ್ಯಾಂಡ್ ಕ್ಲೈಂಬರ್‌ನಲ್ಲಿ ಆ ಕೂರುವ ಅನುಕೂಲವಿಲ್ಲ. ಮೇಲಿನ ಚೌಕಟ್ಟಿನ ಮೇಲೆ ತೋಳೂರಿ ಇಡೀ ಮೈಯನ್ನು ತೂಗಿಬಿಟ್ಟು ಕಾಲೆಳೆದುಕೊಳ್ಳಬೇಕು. 20 ಅಡಿಗೆ ಒಂದೊಂದು ಸಲಕ್ಕೆ 10ರಿಂದ 12 ಇಂಚಿನಂತೆ 20ಕ್ಕೂ ಹೆಚ್ಚು ಸಲ, ದಪ್ಪ ಜಾಕೆಟ್ ತೊಟ್ಟು, ಚಳಿಗೆ ಮರಗಟ್ಟಿದ ಬೆರಳಲ್ಲಿ. ಇಳಿಯುವಾಗಲೂ ಅಷ್ಟೇ, ಅದೂ ಕತ್ತಲಲ್ಲಿ, ನಾಲ್ಕು ಗಂಟೆ ಅಲ್ಲಾಡದೆ ಕೂತ ಮೇಲೆ. ತೋಳಿಗೆ ಆ ಶಕ್ತಿಯಿಲ್ಲದವರಿಗೆ ಹ್ಯಾಂಡ್ ಕ್ಲೈಂಬರ್ ಬೇಡ. ಕಾರಿನಿಂದ ಅರ್ಧ ಮೈಲಿಯೊಳಗೆ ಕೂರುವವರಾದರೆ ಆ 5 ಪೌಂಡ್ ಉಳಿಸಿ ಮಾಡುವುದೂ ಏನಿಲ್ಲ. ಎರಡು ಮೈಲಿ ನಡೆಯುವವರಿಗೆ ಅದು ಬೆಲೆಬಾಳುತ್ತದೆ, ಒಪ್ಪೋಣ. ಅವರೂ ಮೊದಲು ಚೀಲ ಬಿಚ್ಚಿ ಅಲ್ಲಿ ಎಷ್ಟು ಕಡಿಮೆ ಮಾಡಬಹುದು ನೋಡಲಿ.

ಭಾರದ ಮಿತಿಯಲ್ಲೂ ಮೋಸ ಹೋಗುವುದು ಸುಲಭ. ಹೆಚ್ಚಿನ ಸ್ಟ್ಯಾಂಡುಗಳ ಮಿತಿ 300 ಪೌಂಡ್. ಕೆಲವು ಹಗುರ ಮಾದರಿಗಳದ್ದು 250 ಮಾತ್ರ. ಅದು ನಿಮ್ಮ ಮೈತೂಕವಷ್ಟೇ ಅಲ್ಲ. 220 ಪೌಂಡಿನ ಮನುಷ್ಯನ ಮೇಲೆ ಚಳಿಯ ಬಟ್ಟೆ, ಬೂಟು 15, ಹಾರ್ನೆಸ್ 3, ಬಾಣಗಳ ಸಮೇತ ಬಿಲ್ಲು 7, ಚೀಲ 15 ಸೇರಿಸಿ. 260 ಆಯಿತು. ಮನೆಯ ತಕ್ಕಡಿಯಲ್ಲಿ 220 ನೋಡಿ 250ರ ಸ್ಟ್ಯಾಂಡ್ ಕೊಂಡವರು ಮಿತಿ ಮೀರಿದ್ದಾರೆ.

ಬಿಲ್ಲಿನವರಿಗೆ ಮುಂಭಾಗದಲ್ಲಿ ಕಂಬಿ ಇರುವ ಸ್ಟ್ಯಾಂಡ್ ಸರಿಹೋಗದು. ಬಂದೂಕಿಗೆ ಆನಿಸಲು ಆ ಕಂಬಿ ಒಳ್ಳೆಯದೇ. ಆದರೆ ಕೂತೇ ಬಿಲ್ಲನ್ನು ಎಳೆದರೆ ಬಿಲ್ಲಿನ ಕೆಳಗಿನ ತೋಳು (ಲಿಂಬ್) ಅದಕ್ಕೆ ಬಡಿಯುತ್ತದೆ. ಬಾಣ ದಿಕ್ಕು ತಪ್ಪಿ ಜಿಂಕೆ ಗಾಯಗೊಂಡು ಓಡುತ್ತದೆ. ಯಾವ ಬೇಟೆಗಾರನೂ ಬಯಸದ ಸಂಗತಿ ಅದು. ಮುಂಭಾಗ ತೆರೆದಿರುವುದನ್ನೇ ಆರಿಸಿ. ಕೊಳ್ಳುವ ಮೊದಲು ಅಂಗಡಿಯಲ್ಲೇ ಕೂತು, ಬಿಲ್ಲಿನ ಉದ್ದಕ್ಕೆ ಸರಿಯಾದ ಕೋಲೊಂದನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ.

ಮರದ ಆಯ್ಕೆಯಲ್ಲಿ ಹಗುರ ಸ್ಟ್ಯಾಂಡಿಗೆ ರಿಯಾಯಿತಿ ಏನೂ ಇಲ್ಲ. ನೇರವಾಗಿರಬೇಕು, ಕೂರುವ ಎತ್ತರದವರೆಗೆ ಕೊಂಬೆ ಇರಬಾರದು, ವ್ಯಾಸ ಸಾಮಾನ್ಯವಾಗಿ 8ರಿಂದ 20 ಇಂಚಿನೊಳಗಿರಬೇಕು. ನಿಮ್ಮ ಮಾದರಿಯ ಕೈಪಿಡಿ ಹೇಳುವ ಅಳತೆಯೇ ಅಂತಿಮ. ಒರಟು, ಗಟ್ಟಿ ತೊಗಟೆಯ ಓಕ್ ಒಳ್ಳೆಯದು. ಶಾಗ್‌ಬಾರ್ಕ್ ಹಿಕರಿಯ ತೊಗಟೆ ಪದರಪದರವಾಗಿ ಕಿತ್ತು ಬರುತ್ತದೆ. ಹಲ್ಲು ಕಚ್ಚಿದ್ದು ಮರವನ್ನಲ್ಲ, ಸಡಿಲ ಸಿಪ್ಪೆಯನ್ನು. ಬೀಚ್, ಸಿಕಮೋರ್, ಆಸ್ಪೆನ್ ತೊಗಟೆ ಒಣಗಿದ್ದಾಗ ಹೇಗೋ ನಡೆದೀತು, ಒದ್ದೆಯಾದಾಗ, ಹೆಪ್ಪುಗಟ್ಟಿದಾಗ ಬೇಡವೇ ಬೇಡ. ಸತ್ತ ಆಶ್ ಮರಗಳಿಂದಲೂ ದೂರವಿರಿ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ದುಂಬಿ 2002ರಲ್ಲಿ ಡೆಟ್ರಾಯಿಟ್ ಬಳಿ ಮೊದಲು ಪತ್ತೆಯಾಯಿತು. ಅಲ್ಲಿಂದ ಹರಡಿ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ನೇರವಾಗಿ, ಕೊಂಬೆ ಕಳಚಿಕೊಂಡು ನಿಂತ ಆ ಕಾಂಡಗಳು ಕ್ಲೈಂಬರ್‌ಗೆಂದೇ ಮಾಡಿದಂತೆ ಕಾಣುತ್ತವೆ. ಒಳಗೆ ಮಾತ್ರ ಪೆಡಸು, ತಲೆಯ ಮೇಲಿನ ತುಂಡು ಯಾವಾಗ ಮುರಿದು ಬೀಳುತ್ತದೋ ಹೇಳಲಾಗದು. ಹೊಂದುವ ಮರವೇ ಇಲ್ಲದ ಕಾಡಾದರೆ ಕ್ಲೈಂಬರ್‌ನ ಯೋಚನೆ ಬಿಟ್ಟು ಸ್ಯಾಡಲ್ (ಸೊಂಟಕ್ಕೆ ಕಟ್ಟಿಕೊಂಡು ಹಗ್ಗದಿಂದ ಮರಕ್ಕೆ ಆತು ಕೂರುವ ಪಟ್ಟಿ) ನೋಡುವುದು ಮೇಲು. ಕೊಂಬೆ ಕಡಿದು ಮರವನ್ನು ಹೊಂದಿಸಿಕೊಳ್ಳೋಣವೆಂದರೆ ಸರ್ಕಾರಿ ಜಾಗದಲ್ಲಿ ಅನೇಕ ಕಡೆ ಅದಕ್ಕೆ ನಿಷೇಧವಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳಲೇಬೇಕೆಂದಿದ್ದರೆ ಹಗಲಲ್ಲಿ ಹೋಗಿ. ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆ ಎಲ್ಲಾದರೂ ಸೀಳಿದ್ದರೆ ಒಳಗೆ ನೀರು ಹೋಗಿ ತುಕ್ಕು ಹಿಡಿದಿರುತ್ತದೆ, ಹೊರಗೆ ಕಾಣುವುದಿಲ್ಲ. ಕೇಬಲ್ಲಿನ ತುದಿಯಲ್ಲಿ ಒತ್ತಿ ಕೂರಿಸಿದ ಲೋಹದ ಗುಂಡಿಯ ಬಳಿ ಬಗ್ಗಿಸಿ ನೋಡಿ, ತಂತಿಯ ಎಳೆ ಚುಚ್ಚಿದರೆ ಅದು ಮುಗಿಯಿತು. ಪಿನ್ನುಗಳು ತಯಾರಕರು ಕೊಟ್ಟವೇ, ಯಾವುದೋ ಬೋಲ್ಟ್ ಬಂದು ಕೂತಿದೆಯೇ? ವೆಲ್ಡಿಂಗ್ ಜಾಗಗಳಲ್ಲಿ ಬೆರಳಾಡಿಸಿ, ಟಾರ್ಚ್ ಓರೆಯಾಗಿ ಹಿಡಿದು ಕೂದಲೆಳೆಯಂಥ ಬಿರುಕು ಹುಡುಕಿ. ಮಾದರಿಯ ಹೆಸರು, ತಯಾರಾದ ವರ್ಷದ ಚೀಟಿ ಇಲ್ಲದಿದ್ದರೆ ಕೊಳ್ಳಬೇಡಿ. ಅದಿಲ್ಲದೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಹಿಂಪಡೆದ ಸರಕುಗಳ ಪಟ್ಟಿಯಲ್ಲಿ ಅದಿದೆಯೇ ಎಂದು ಹುಡುಕಲಾಗದು. ‘ತೂಕ ಇಳಿಸಲು ಸ್ವಲ್ಪ ಮಾರ್ಪಾಡು ಮಾಡಿದ್ದೇವೆ’ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಂದಲೇ ಹಿಂತಿರುಗಿ.

ಹಾರ್ನೆಸ್ ಹಳೆಯದನ್ನು ಕೊಳ್ಳಲೇಬೇಡಿ. ತಯಾರಾದ ದಿನದಿಂದ 5 ವರ್ಷಕ್ಕೆ ಬದಲಿಸಬೇಕೆಂದು ಸಾಮಾನ್ಯವಾಗಿ ಅದರ ಚೀಟಿಯಲ್ಲೇ ಬರೆದಿರುತ್ತದೆ. ಬೀಳುವವರನ್ನು ಒಮ್ಮೆ ತಡೆದದ್ದಾದರೆ ಅಂದೇ ಕತ್ತರಿಸಿ ಎಸೆಯಬೇಕು. ಕಾಲು ನೆಲ ಬಿಡುವ ಮೊದಲೇ ಅದನ್ನು ಮರಕ್ಕೆ ಕಟ್ಟಿ. ಮೇಲೆ ಹೋದ ಮೇಲೆ ಕಟ್ಟಿದರಾಯಿತು ಎನ್ನುವವರು ಅಪಾಯದ ಹೊತ್ತನ್ನೇ ಬಿಟ್ಟುಬಿಡುತ್ತಾರೆ. ಹತ್ತುವುದು, ಇಳಿಯುವುದು, ಮರದ ಕಡೆ ಮುಖ ಮಾಡಿ ಹತ್ತಿದವರು ತಿರುಗಿ ಕೂರುವುದು: ಜನ ಬೀಳುವುದು ಇಂಥ ಹೊತ್ತಲ್ಲೇ. ಹಾರ್ನೆಸ್ ಅನ್ನು ಮರಕ್ಕೆ ಕಟ್ಟುವ ಸ್ಟ್ರಾಪನ್ನು ಪ್ರತಿ ಹೆಜ್ಜೆಗೂ ತಲೆಗಿಂತ ಮೇಲಕ್ಕೆ ಸರಿಸುತ್ತಿರಿ. ಕೂತಾಗ ಹಾರ್ನೆಸ್‌ನಿಂದ ಅದಕ್ಕೆ ಹೋಗುವ ಹಗ್ಗದಲ್ಲಿ ಸಡಿಲ ಇರಬಾರದು. ಹಾರ್ನೆಸ್‌ನಲ್ಲಿ ನೇತಾಡುತ್ತಾ ಸುಮ್ಮನಿದ್ದರೆ ತೊಡೆಯ ಪಟ್ಟಿ ರಕ್ತ ಮೇಲೇರದಂತೆ ಹಿಡಿದು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಅದಕ್ಕೆ ಕಾಲೂರಲು ಕೊಟ್ಟಿರುವ ಕುಣಿಕೆಯ ಸ್ಟ್ರಾಪನ್ನು ಚೀಲದ ತಳದಲ್ಲಿಡದೆ ಕೈಗೆ ಸಿಗುವ ಜೇಬಿನಲ್ಲಿಡಿ. ಫೋನ್, ಸೀಟಿ ಎರಡೂ ಎದೆಯ ಬಳಿ. ಎಲ್ಲಿ ಕೂರುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ. ಬಿಲ್ಲು ಹಿಡಿದು ಹತ್ತಬೇಡಿ. ಕೂತು, ಹಾರ್ನೆಸ್ ಬಿಗಿದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ. ಬ್ರಾಡ್‌ಹೆಡ್‌ಗಳು, ಅಂದರೆ ಬಾಣದ ಹರಿತವಾದ ಮೊನೆಗಳು, ಮುಚ್ಚಿದ ಬತ್ತಳಿಕೆಯಲ್ಲೇ ಇರಲಿ.

ಮಿಷಿಗನ್‌ನಲ್ಲಿ ಬಿಲ್ಲಿನ ಋತು ಅಕ್ಟೋಬರ್ 1ಕ್ಕೆ ಶುರು. ಸೆಪ್ಟೆಂಬರ್‌ನಲ್ಲೇ ಒಂದು ಭಾನುವಾರ ಹಿತ್ತಲ ಮರಕ್ಕೆ ಕಟ್ಟಿ, ಹಾರ್ನೆಸ್ ತೊಟ್ಟು, ನೆಲದಿಂದ ಮೂರು ಅಡಿಯಷ್ಟೇ ಮೇಲೆ ಹತ್ತು ಸಲ ಹತ್ತಿ ಇಳಿಯಿರಿ. ದಪ್ಪ ಕೈಗವಸು ತೊಟ್ಟೇ ಪಿನ್ ಹಾಕಿ ತೆಗೆಯಿರಿ, ಕಣ್ಣು ಮುಚ್ಚಿಕೊಂಡೂ ಒಮ್ಮೆ ಮಾಡಿ ನೋಡಿ. ಆಮೇಲೆ ಸೀಟಿನಲ್ಲಿ ಕೂತು ಎರಡೂ ಕಾಲು ಎತ್ತಿ, ಮರವನ್ನು ಅಲ್ಲಾಡಿಸಲು ಇನ್ನೊಬ್ಬರಿಗೆ ಹೇಳಿ. ಪ್ಲಾಟ್‌ಫಾರ್ಮ್ ಜಾರಿ ಸ್ಟ್ರಾಪಿಗೆ ನೇತಾಡಿದರೆ, ಕೂತಲ್ಲಿಂದಲೇ ಕಾಲಿನಿಂದ ಅದನ್ನು ಮತ್ತೆ ಎಳೆದು ಕಚ್ಚಿಸಲು ಆಗುತ್ತದೆಯೇ ನೋಡಿಕೊಳ್ಳಿ. ಆಗದಿದ್ದರೆ ಸ್ಟ್ರಾಪ್ ಉದ್ದವಾಯಿತು.