ನಾಯಿಗೆ ‘ತುರಿಕೆ ಇಂಜೆಕ್ಷನ್’ ಹಾಕಿಸುವ ಮುನ್ನ ಇದನ್ನು ಓದಿ

ನಿಮ್ಮ ನಾಯಿ ಒಂದೇ ಸಮ ಮೈ ಕೆರೆದುಕೊಳ್ಳುತ್ತಿದೆ, ಕ್ಲಿನಿಕ್‌ಗೆ ಕರೆದುಕೊಂಡು ಹೋದಿರಿ, ಐದು ನಿಮಿಷದಲ್ಲಿ ‘ಅಲರ್ಜಿ’ ಅಂತ ಹೇಳಿ ಸಿರಿಂಜ್ ಕೈಗೆತ್ತಿಕೊಂಡರು ಅಂದರೆ, ದಯವಿಟ್ಟು ಅಲ್ಲೇ ತಡೆಯಿರಿ. ಅದು ಯಾವ ಔಷಧ, ಎಷ್ಟು ದಿನ ಮೈಯಲ್ಲಿ ಇರುತ್ತದೆ, ಹಾಕುವ ಮುಂಚೆ ಚರ್ಮದ ಪರೀಕ್ಷೆ ಏನಾದರೂ ಮಾಡುತ್ತೀರಾ ಅಂತ ಕೇಳಿ. ಹೀಗೆ ಕೇಳುವುದು ಉದ್ಧಟತನವಲ್ಲ. ನಮ್ಮ ಲಕ್ಕಿ ಪಟ್ಟ ಪಾಡು ಇನ್ನೊಂದು ನಾಯಿಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಲಕ್ಕಿ ನಾಟಿ ನಾಯಿ. ಮರಿಯಿದ್ದಾಗ ಬೀದಿಯಿಂದ ತಂದು ಸಾಕಿದ್ದು. ನಾವಿರುವುದು ಮೈಸೂರಿನಲ್ಲಿ, ಮನೆ ಪಕ್ಕದಲ್ಲೇ ಒಂದು ಖಾಲಿ ಸೈಟು. ಒಂದು ಮಳೆಗಾಲದಲ್ಲಿ ಬಾಲದ ಬುಡ ಕಚ್ಚಿಕೊಳ್ಳಲು ಶುರು ಮಾಡಿದಳು. ಜೋಳದ ತೆನೆ ಕಡಿದ ಹಾಗೆ ಮುಂದಿನ ಪುಟ್ಟ ಹಲ್ಲುಗಳಿಂದ ಒಂದೇ ಜಾಗವನ್ನು ಟಕಟಕ ಕಡಿಯುವಳು. ರಾತ್ರಿ ನಾವು ಲೈಟ್ ಆರಿಸಿ ಮಲಗಿದ ಮೇಲೂ ಹಾಲ್‌ನಿಂದ ಆ ಸದ್ದು ಕೇಳುತ್ತಿತ್ತು. ಸೊಂಟದ ಹಿಂಭಾಗದಲ್ಲಿ ಕೂದಲು ಉದುರಿ ಚರ್ಮ ಕೆಂಪಾಯಿತು. ಪಕ್ಕದ ಮನೆಯವರು ಖಾಲಿ ಸೈಟಿನ ಪಾರ್ಥೇನಿಯಂ ಕಾರಣ ಅಂದರು. ಇನ್ನೊಬ್ಬರು ಗಾಡಿಯ ಹಳೇ ಆಯಿಲ್ ಹಚ್ಚಿ ಅಂದರು. (ಅದನ್ನು ಮಾತ್ರ ಯಾವತ್ತೂ ಮಾಡಬೇಡಿ. ಗಾಡಿ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಇವೆಲ್ಲ ಚರ್ಮ ಸುಡುತ್ತವೆ, ನಾಯಿ ನೆಕ್ಕಿಕೊಂಡರೆ ಹೊಟ್ಟೆಗೂ ಹೋಗುತ್ತವೆ.)

ಕ್ಲಿನಿಕ್‌ನಲ್ಲಿ ಮೈ ಬಾಚಿ ನೋಡಲಿಲ್ಲ. ಕಿವಿಯೊಳಗೆ ಇಣುಕಲಿಲ್ಲ. “ಚಿಕನ್ ಹಾಕ್ತೀರಾ ಮೇಡಂ? ಅದೇ ಅಲರ್ಜಿ. ಚಿಕನ್ ನಿಲ್ಲಿಸಿ, ಒಂದು ಇಂಜೆಕ್ಷನ್ ಕೊಡ್ತೀನಿ, ನಾಳೆಗೆಲ್ಲ ಸರಿ ಹೋಗುತ್ತೆ” ಅಂದರು. ನಿಜಕ್ಕೂ ಮರುದಿನ ತುರಿಕೆ ನಿಂತಿತು. ಡಾಕ್ಟರ ಕೈಗುಣ ಚೆನ್ನಾಗಿದೆ ಅಂತ ಅಮ್ಮ ಅಂದುಕೊಂಡರು. ಚಿಕನ್ನಿಂದಲೇ ಆಗಿದ್ದು ಅಂತ ಮನೆಯವರೆಲ್ಲ ನಂಬಿದೆವು. ಚಿಕನ್ ನಿಲ್ಲಿಸಿದ್ದು, ಇಂಜೆಕ್ಷನ್ ಕೊಟ್ಟಿದ್ದು ಎರಡೂ ಒಂದೇ ದಿನ ನಡೆದರೆ ಯಾವುದರಿಂದ ಗುಣವಾಯಿತು ಅಂತ ಹೇಳಲು ಸಾಧ್ಯವೇ ಇಲ್ಲ. ಆ ಮಾತನ್ನು ಹೇಳಬೇಕಾದವರು ಹೇಳಲಿಲ್ಲ.

ಆ ಇಂಜೆಕ್ಷನ್ ಸ್ಟೀರಾಯ್ಡ್ ಆಗಿತ್ತು. ಒಮ್ಮೆ ಚುಚ್ಚಿದರೆ ವಾರಗಟ್ಟಲೆ ಮೈಯಲ್ಲಿ ಕೆಲಸ ಮಾಡುವಂಥದ್ದು. ಸ್ಟೀರಾಯ್ಡ್ ದೇಹದ ಉರಿಯೂತವನ್ನೇ ಅಡಗಿಸುತ್ತದೆ. ತುರಿಕೆ ಚಿಗಟದಿಂದ ಬಂದಿರಲಿ, ಧೂಳಿನಿಂದ ಬಂದಿರಲಿ, ಊಟದಿಂದ ಬಂದಿರಲಿ, ಹೆಚ್ಚು ಕಡಿಮೆ ಎಲ್ಲವೂ ಅದಕ್ಕೆ ಮಣಿಯುತ್ತವೆ. ಹಾಗಾಗಿ ಇಂಜೆಕ್ಷನ್ನಿಗೆ ತುರಿಕೆ ನಿಂತಿತು ಅನ್ನುವುದರಿಂದ ಕಾರಣ ಏನು ಅಂತ ಒಂದಿಷ್ಟೂ ಗೊತ್ತಾಗುವುದಿಲ್ಲ. ಔಷಧದ ಪ್ರಭಾವ ಇಳಿದ ಕೂಡಲೇ ತುರಿಕೆ ವಾಪಸ್ ಬಂತು. ಮತ್ತೆ ಅದೇ ಕ್ಲಿನಿಕ್, ಅದೇ ಇಂಜೆಕ್ಷನ್, ಜೊತೆಗೆ ಮಾತ್ರೆ. ಚಿಕನ್ ಪೂರ್ತಿ ಬಿಟ್ಟಿದ್ದರೂ ಹೀಗೇಕೆ ಅಂತ ಕೇಳಿದ್ದಕ್ಕೆ ಈ ಸಲ ಅನ್ನದ ಮೇಲೆ ಅನುಮಾನ. ಹೀಗೆ ತಿಂಗಳುಗಳು ಕಳೆದವು. ಚೀಟಿಯಲ್ಲಿ ಔಷಧದ ಹೆಸರು ಒಮ್ಮೆಯೂ ಇರಲಿಲ್ಲ, ‘ಇಂಜೆಕ್ಷನ್’ ಅಂತ ಮಾತ್ರ ಬರೆದಿರುತ್ತಿತ್ತು.

ಈ ನಡುವೆ ಲಕ್ಕಿಯೇ ಬದಲಾಗಿಬಿಟ್ಟಳು. ನೀರಿನ ಬಟ್ಟಲು ತುಂಬಿಸಿದಷ್ಟೂ ಖಾಲಿ. ಒಂದು ದಿನವೂ ಮನೆಯೊಳಗೆ ಗಲೀಜು ಮಾಡದವಳು ನಡುರಾತ್ರಿ ಚಾಪೆ ಮೇಲೆ ಉಚ್ಚೆ ಹೊಯ್ದು, ನಾಚಿಕೆಯಿಂದ ಮೂಲೆ ಸೇರುವಳು. ಎಷ್ಟು ತಿಂದರೂ ಹಸಿವು. ಕಸದ ಬುಟ್ಟಿಯಲ್ಲಿದ್ದ ಈರುಳ್ಳಿ ಸಿಪ್ಪೆಗೂ ಬಾಯಿ ಹಾಕುವಳು. ಸುಮ್ಮನೆ ಮಲಗಿದ್ದಾಗಲೂ ನಾಲಿಗೆ ಚಾಚಿ ಏದುಸಿರು ಬಿಡುವಳು. ಬೆನ್ನು ಬಡಕಲಾಯಿತು, ಹೊಟ್ಟೆ ಮಾತ್ರ ಜೋತು ಬಿತ್ತು, ಹೊಟ್ಟೆಯ ಚರ್ಮ ತೆಳ್ಳಗಾಗಿ ಒಳಗಿನ ನೀಲಿ ನರ ಕಾಣುತ್ತಿತ್ತು. ಇವೆಲ್ಲ ಸ್ಟೀರಾಯ್ಡಿನ ಅಡ್ಡಪರಿಣಾಮ ಅಂತ ಆಗ ನಮಗೆ ಗೊತ್ತಿರಲಿಲ್ಲ. ಕಂಕುಳಲ್ಲಿ ಕಪ್ಪು ಜಿಡ್ಡು, ಹಳಸಿದ ವಾಸನೆ. ಕಣ್ಣಿನ ಸುತ್ತ ಮತ್ತು ಮುಂಗಾಲಿನ ಮೇಲೆ ಕೂದಲಿಲ್ಲದ ಹೊಸ ಮಚ್ಚೆಗಳು. ಇಷ್ಟೆಲ್ಲ ತೋರಿಸಿದಾಗ “ಅಲರ್ಜಿ ಜಾಸ್ತಿ ಆಗಿದೆ” ಅಂತ ಹೇಳಿ ದುಬಾರಿ ಫುಡ್ಡಿನ ಚೀಲ ಕೊಟ್ಟರು. ಕೂದಲು ಕತ್ತರಿಸಿ ಕೊರಿಯರ್ ಮಾಡುವ ಅಲರ್ಜಿ ಟೆಸ್ಟ್ ಮಾಡಿಸಿದರು. ರಿಪೋರ್ಟಿನಲ್ಲಿ ಅಕ್ಕಿ, ಮೊಟ್ಟೆ, ಗೆಣಸು, ಕ್ಯಾರೆಟ್, ಉಣ್ಣೆ ಬಟ್ಟೆ ಅಂತ ಉದ್ದದ ಪಟ್ಟಿ. ಕೂದಲು, ಜೊಲ್ಲಿನಿಂದ ಅಲರ್ಜಿ ಕಂಡುಹಿಡಿಯುವ ಟೆಸ್ಟುಗಳನ್ನು ನಂಬುವ ಹಾಗಿಲ್ಲ. ಊಟದ ಅಲರ್ಜಿಗೆ ರಕ್ತಪರೀಕ್ಷೆಯೂ ಭರವಸೆಯದ್ದಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ.

ಕೊನೆಗೆ ನಮ್ಮ ಅತ್ತಿಗೆ ಹೇಳಿದ ಬೇರೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೂತು ಪ್ರಶ್ನೆ ಕೇಳಿದರು. ಶುರುವಾಗಿದ್ದು ಯಾವ ಜಾಗದಲ್ಲಿ? ಮೊದಲು ತುರಿಕೆ ಬಂತೋ, ಮೊದಲು ಕೂದಲು ಉದುರಿತೋ? ಮನೆಯವರಿಗೆ ಯಾರಿಗಾದರೂ ತುರಿಕೆ ಇದೆಯಾ? ಬೇರೆ ಪ್ರಾಣಿ ಬರುತ್ತದಾ? ಆಮೇಲೆ ಹಲ್ಲು ಒತ್ತೊತ್ತಾಗಿರುವ ಒಂದು ಬಾಚಣಿಗೆ ತೆಗೆದು ಬಾಲದ ಬುಡ ಬಾಚಿದರು. ಅದರಲ್ಲಿ ಚಿಗಟ ಇರಲಿಲ್ಲ, ಕರಿಮೆಣಸಿನ ಪುಡಿಯಂಥ ಚೂರುಗಳಿದ್ದವು. ಅವನ್ನು ಒದ್ದೆ ಟಿಶ್ಯೂ ಮೇಲೆ ಉದುರಿಸಿ ಬೆರಳಲ್ಲಿ ಒತ್ತಿ, “ನೋಡಿ” ಅಂದರು. ಚೂರಿನ ಸುತ್ತ ಕೆಂಪು ಕಂದು ಬಣ್ಣ ಹರಡಿತು. ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ನಾಯಿಯ ರಕ್ತವೇ. ಬರೀ ಮಣ್ಣಾಗಿದ್ದರೆ ಬಣ್ಣ ಬಿಡುತ್ತಿರಲಿಲ್ಲ. ಈ ಪರೀಕ್ಷೆಯನ್ನು ನೀವು ಇವತ್ತೇ ಮನೆಯಲ್ಲಿ ಮಾಡಿ ನೋಡಬಹುದು.

ಲಕ್ಕಿಗೆ ಮೊದಲಿನಿಂದ ಇದ್ದದ್ದು ಚಿಗಟದ ಜೊಲ್ಲಿನ ಅಲರ್ಜಿ. ಈ ಅಲರ್ಜಿ ಇರುವ ನಾಯಿಗೆ ಮೈತುಂಬ ಚಿಗಟ ಬೇಕಿಲ್ಲ, ನಾಲ್ಕಾರು ಕಡಿತವೇ ಸಾಕು. ತುರಿಕೆ ತಾಳಲಾರದೆ ನಾಯಿ ಕಚ್ಚಿ, ನೆಕ್ಕಿ ಚಿಗಟವನ್ನು ನುಂಗಿಬಿಡುತ್ತದೆ. ಆದ್ದರಿಂದಲೇ ಮೈಮೇಲೆ ಹುಡುಕಿದರೆ ಒಂದೂ ಸಿಗದಿರಬಹುದು. ತುರಿಕೆ ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗದಲ್ಲಿ ಜಾಸ್ತಿ ಇದ್ದರೆ ಮೊದಲ ಅನುಮಾನ ಚಿಗಟದ ಮೇಲೇ ಇರಬೇಕು.

ಆಮೇಲೆ ಬ್ಲೇಡಿನಿಂದ ಕಣ್ಣಿನ ಹತ್ತಿರದ ಮಚ್ಚೆಯನ್ನು ರಕ್ತ ಜಿನುಗುವವರೆಗೆ ಮೆಲ್ಲಗೆ ಕೆರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಉದ್ದ ಬಾಲದ, ಗಿಡ್ಡ ಕಾಲಿನ ಹುಳಗಳು. ಡೆಮೊಡೆಕ್ಸ್. ಆರೋಗ್ಯವಂತ ನಾಯಿಯ ಚರ್ಮದಲ್ಲೂ ಇವು ಒಂದಷ್ಟು ಇರುತ್ತವಂತೆ, ತೊಂದರೆ ಕೊಡುವುದಿಲ್ಲ. ರೋಗನಿರೋಧಕ ಶಕ್ತಿ ಕುಂದಿದಾಗ ವಿಪರೀತ ಬೆಳೆಯುತ್ತವೆ. ವಯಸ್ಸಿಗೆ ಬಂದ ನಾಯಿಯಲ್ಲಿ ಹಾಗಾಗುವುದಕ್ಕೆ ಸ್ಟೀರಾಯ್ಡ್ ಒಂದು ಮುಖ್ಯ ಕಾರಣ. ಕಂಕುಳಿಗೆ ಸೆಲ್ಲೋಟೇಪ್ ಒತ್ತಿ ತೆಗೆದಾಗ ಯೀಸ್ಟ್ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ ಎರಡೂ ಸಿಕ್ಕವು. ಚಿಗಟದಿಂದ ಶುರುವಾದ ಒಂದು ತೊಂದರೆಯ ಮೇಲೆ ಚಿಕಿತ್ಸೆಯೇ ಇನ್ನೂ ಎರಡನ್ನು ಹೇರಿತ್ತು. ಬಾಚಣಿಗೆ, ಬ್ಲೇಡು, ಟೇಪು ಇಷ್ಟೇ ಸಾಮಾನು, ಅರ್ಧ ಗಂಟೆಯೂ ಹಿಡಿಯಲಿಲ್ಲ. ಇದನ್ನು ಮೊದಲ ದಿನವೇ ಮಾಡಿದ್ದರೆ ಆ ಮೂಕಜೀವ ಅಷ್ಟು ನರಳುವುದು ತಪ್ಪುತ್ತಿತ್ತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಚಿಕಿತ್ಸೆ ಸರಳವೇ ಇತ್ತು, ಸಮಯ ಹಿಡಿಯಿತು. ಚಿಗಟ ಮತ್ತು ಡೆಮೊಡೆಕ್ಸ್ ಎರಡಕ್ಕೂ ಆಗುವ ಫ್ಲೂರಲಾನರ್ ಮಾತ್ರೆ. (ಫಿಟ್ಸ್ ಬರುವ ನಾಯಿಯಾದರೆ ಈ ಗುಂಪಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಆ ವಿಷಯ ಹೇಳಲೇಬೇಕು.) ಬ್ಯಾಕ್ಟೀರಿಯಾ ಮತ್ತು ಯೀಸ್ಟಿಗೆ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಶಾಂಪೂ, ನೊರೆ 10 ನಿಮಿಷ ಮೈಮೇಲೆ ಬಿಟ್ಟು ತೊಳೆಯುವುದು. ಇದರ ಜೊತೆ ಮನೆಯ ಕೆಲಸ. ನಾಯಿ ಮೈಮೇಲೆ ಇರುವ ದೊಡ್ಡ ಚಿಗಟಗಳು ಒಟ್ಟು ಸಂತತಿಯ ಶೇ 5ರಷ್ಟು ಮಾತ್ರ. ಒಂದು ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡಬಲ್ಲದು. ಅವು ಮೈಗೆ ಅಂಟಿಕೊಳ್ಳದೆ ಹಾಸಿಗೆ, ಸೋಫಾ ಸಂದು, ಕಾಲೊರಸಿನ ಮೇಲೆ ಉದುರುತ್ತವೆ. ಮೊಟ್ಟೆಯೊಡೆದ ಮರಿಹುಳ ಗೂಡು ಕಟ್ಟಿಕೊಂಡು, ಚಿಗಟವಾಗಿ ಹೊರಬರಲು ತಿಂಗಳುಗಟ್ಟಲೆ ಕಾಯಬಲ್ಲದು. ನಮ್ಮ ಹವೆಯಲ್ಲಿ ಚಿಗಟಕ್ಕೆ ವರ್ಷವಿಡೀ ಸುಗ್ಗಿ. ಹಾಸಿಗೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆ ಮೂಲೆ ಗುಡಿಸಿ, ಮನೆಯಲ್ಲಿರುವ ಎಲ್ಲ ಪ್ರಾಣಿಗೂ ಔಷಧ ಕೊಟ್ಟು, ಕಡಿಮೆಯೆಂದರೂ ಮೂರು ತಿಂಗಳು ಬಿಡದೆ ನಡೆಸಬೇಕು. ನಮ್ಮ ಜಗಲಿ ಕೆಳಗೆ ಪಕ್ಕದ ಮನೆಯ ಬೆಕ್ಕು ಮಲಗುತ್ತಿತ್ತು. ಅದಕ್ಕೆ ಬೆಕ್ಕಿನ ಔಷಧವನ್ನೇ ಹಾಕಿಸಿದೆವು. ನಾಯಿಗೆಂದು ಮಾಡಿದ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಔಷಧ ಬೆಕ್ಕಿನ ಪ್ರಾಣವನ್ನೇ ತೆಗೆಯಬಹುದು, ಇದು ನೆನಪಿರಲಿ.

ಹಾಗಾದರೆ ಊಟದ ಅಲರ್ಜಿ ಸುಳ್ಳಾ? ಅಲ್ಲ, ಇದೆ. ಆದರೆ ಅದನ್ನು ಗೊತ್ತು ಮಾಡುವ ದಾರಿ ಒಂದೇ. ಚಿಗಟ, ಹುಳ, ಸೋಂಕು ಇಲ್ಲ ಅಂತ ಖಾತ್ರಿಯಾದ ಮೇಲೆ, ನಾಯಿ ಯಾವತ್ತೂ ತಿನ್ನದ ಒಂದು ಮಾಂಸ ಮತ್ತು ಒಂದು ಪಿಷ್ಟದ ಆಹಾರವನ್ನೋ, ಡಾಕ್ಟರ್ ಹೇಳಿದ ವಿಶೇಷ ಫುಡ್ಡನ್ನೋ ಕನಿಷ್ಠ 8 ವಾರ ಕೊಡುವುದು. ಗುಣ ಕಂಡರೆ ಹಳೆಯ ಊಟ ಮತ್ತೆ ಹಾಕಿ ನೋಡುವುದು. ತುರಿಕೆ ಎರಡು ವಾರದೊಳಗೆ ಮರಳಿದರೆ ಸಾಬೀತಾದಂತೆ. ನಮ್ಮ ಮನೆಗಳಲ್ಲಿ ಇದು ಕೆಡುವುದು ಬಿಸ್ಕತ್ತಿನಿಂದ, ಮಿಕ್ಕಿದ ಮೊಸರನ್ನದಿಂದ, ಗೇಟಿನ ಹತ್ತಿರ ಪ್ರೀತಿಯಿಂದ ಏನಾದರೂ ಹಾಕುವ ನೆರೆಯವರಿಂದ. ಹಾಲು, ಮೊಸರು ಕೂಡ ಅಲರ್ಜಿ ತರುವ ಸಾಲಿನಲ್ಲೇ ಇವೆ. ಇನ್ನು ಧೂಳಿನ ನುಸಿ, ಪರಾಗ ಇವುಗಳ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದೊಳಗೆ ಶುರುವಾಗುತ್ತದೆ. ಪಾದ ನೆಕ್ಕುವುದು, ಪದೇ ಪದೇ ಕಿವಿ ಸೋರುವುದು ಅದರ ಗುರುತು. ಕಿವಿಯ ಅಂಚು, ಮೊಣಕೈಯಲ್ಲಿ ಹಕ್ಕಳೆ, ಜೊತೆಗೆ ಮನೆಯವರಿಗೂ ತುರಿಕೆ ಅಂದರೆ ಅಲರ್ಜಿಗಿಂತ ಮೊದಲು ಅಂಟುವ ಕಜ್ಜಿಯನ್ನು ಯೋಚಿಸಬೇಕು.

ಸ್ಟೀರಾಯ್ಡ್ ವಿಷ ಅಂತ ನಾನು ಹೇಳುತ್ತಿಲ್ಲ. ಕಾರಣ ಹುಡುಕುತ್ತಿರುವಾಗ ಕೆಲವು ದಿನ ಮಾತ್ರೆ ಕೊಟ್ಟು ನಾಯಿಯ ಸಂಕಟ ಇಳಿಸುವುದು ಸರಿಯಾದ ವೈದ್ಯವೇ. ಮಾತ್ರೆಯಾದರೆ ಬೇಕೆಂದಾಗ ಕಡಿಮೆ ಮಾಡುತ್ತ ಬರಬಹುದು, ದೀರ್ಘಕಾಲದ ಇಂಜೆಕ್ಷನ್ ಒಮ್ಮೆ ಒಳಗೆ ಹೋದರೆ ತೆಗೆಯಲು ಬರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ, ಮನುಷ್ಯರ ಹುಳುಕಡ್ಡಿಗೆ ಹಚ್ಚುವ ಎಷ್ಟೋ ಕ್ರೀಮುಗಳಲ್ಲೂ ಬಲವಾದ ಸ್ಟೀರಾಯ್ಡ್ ಇರುತ್ತದೆ. ನಾಯಿ ಅದನ್ನು ನೆಕ್ಕುತ್ತದೆ.

ಇದನ್ನು ಓದುತ್ತಿರುವವರ ಮನೆಯಲ್ಲಿ ಈಗಾಗಲೇ ತಿಂಗಳುಗಟ್ಟಲೆ ಇಂಜೆಕ್ಷನ್, ಮಾತ್ರೆ ನಡೆಯುತ್ತಿದ್ದರೆ, ಹೆದರಿ ಇವತ್ತೇ ಎಲ್ಲ ನಿಲ್ಲಿಸಬೇಡಿ. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡ ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ವಾಂತಿ, ನಿತ್ರಾಣವಾಗಿ ನಾಯಿ ಕುಸಿದು ಬೀಳಬಹುದು. ಲಕ್ಕಿಯ ಸ್ಟೀರಾಯ್ಡ್ ಮಾತ್ರೆಯನ್ನೂ ಹೊಸ ಡಾಕ್ಟರು ಹಂತ ಹಂತವಾಗಿ ಇಳಿಸುತ್ತ ಬಂದು ನಿಲ್ಲಿಸಿದರು. ಹಳೆಯ ಕ್ಲಿನಿಕ್‌ನಿಂದ ಕೊಟ್ಟ ಔಷಧಗಳ ಹೆಸರು, ತಾರೀಖು ಬರೆಸಿಕೊಳ್ಳಿ. ಅದನ್ನು ಹಿಡಿದುಕೊಂಡು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುವ ಡಾಕ್ಟರ ಹತ್ತಿರ ಹೋಗಿ. ಖಾಸಗಿ ಕ್ಲಿನಿಕ್ ದುಬಾರಿಯಾದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಬೀದರ್, ಹಾಸನದ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ. ಹೋಗುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಕಿವಿ ತೊಳೆಯಬೇಡಿ. ತೊಳೆದುಬಿಟ್ಟರೆ ಟೇಪಿಗೆ ಸಿಗಬೇಕಾದದ್ದು ಸಿಗುವುದಿಲ್ಲ.