ಗ್ಯಾಂಗ್‌ವೇ ಗೆರೆಗೆ ಪಿವಿಸಿ ಟೇಪು: ಎಲ್ಲಿ ನಿಲ್ಲುತ್ತದೆ, ಎಲ್ಲಿ ಕಿತ್ತು ಬರುತ್ತದೆ

50 ಮಿ.ಮೀ. ಅಗಲ, 33 ಮೀಟರ್ ಉದ್ದ, ಸುಮಾರು 0.15 ಮಿ.ಮೀ. ದಪ್ಪ. ಮಷಿನ್ ಶಾಪ್‌ಗಳಲ್ಲಿ ಓಡಾಟದ ದಾರಿ (ಗ್ಯಾಂಗ್‌ವೇ) ಗುರುತಿಸಲು ಬಳಸುವ ಹಳದಿ ಪಿವಿಸಿ ಟೇಪಿನ ಸಾಮಾನ್ಯ ಅಳತೆ ಇದು. ಹೊಸ ಲೇಔಟ್ (ಮಷಿನ್, ದಾರಿಗಳ ಜೋಡಣೆ) ಪರೀಕ್ಷಿಸಲು ಬಲು ಅನುಕೂಲ. ಅದೇ ಗೆರೆ ವರ್ಷಗಟ್ಟಲೆ ಬಾಳಲಿ ಎಂದರೆ ನಿರಾಸೆ.

ಎಪಾಕ್ಸಿ (ಗಟ್ಟಿ ರಾಳದ) ಬಣ್ಣ ಬಳಿದರೆ ಒಣಗುವವರೆಗೆ ಓಡಾಟ ನಿಲ್ಲಬೇಕು, ತಪ್ಪಿದರೆ ಗ್ರೈಂಡರ್ ಹಿಡಿದು ಉಜ್ಜಬೇಕು. ಟೇಪಿನ ಗೆರೆಯನ್ನು ಊಟದ ವಿರಾಮದಲ್ಲೇ ಸರಿಸಬಹುದು. ಸರಿಸುವ ಪ್ರಸಂಗವೂ ಬಂದೇ ಬರುತ್ತದೆ, ಏಕೆಂದರೆ ಡ್ರಾಯಿಂಗ್‌ನಲ್ಲಿ ಸಾಕೆನಿಸಿದ ಅಗಲ ನೆಲದ ಮೇಲೆ ಸಾಲದು. 1000 ಮಿ.ಮೀ. ಅಗಲದ ಪ್ಯಾಲೆಟ್ (ಸರಕಿನ ಹಲಗೆ) ಹೊತ್ತ, ಕೈಯಲ್ಲಿ ಎಳೆಯುವ ಎರಡು ಹ್ಯಾಂಡ್ ಪ್ಯಾಲೆಟ್ ಟ್ರಕ್‌ಗಳು ಎದುರುಬದುರು ದಾಟಲು ಸರಕಿಗೇ 2 ಮೀಟರ್; ಎರಡೂ ಬದಿಗೆ, ನಡುವೆ ತಲಾ 300 ಮಿ.ಮೀ. ಸೇರಿಸಿದರೆ 2.9 ಮೀಟರ್. ಇದು ಗೆರೆಗಳ ಒಳ ಅಂಚಿನ ನಡುವಿನ ಅಳತೆ. ಸಾಧಾರಣ ಫೋರ್ಕ್‌ಲಿಫ್ಟ್ ಅಡ್ಡ ತಿರುಗಿ ರ‍್ಯಾಕ್‌ಗೆ ಸರಕಿಡುವಲ್ಲಿ 3.5ರಿಂದ 4 ಮೀಟರ್ ಬೇಕು. ಬಹಳಷ್ಟು ಕಡೆ ಗೆರೆಯನ್ನು ಮಷಿನ್ನಿನ ಮೈಯಿಂದ ಅಳೆಯುತ್ತಾರೆ. ಆಗ ಆಪರೇಟರ್ ನಿಲ್ಲುವ ಜಾಗ, ತೆರೆದ ಬಾಗಿಲು, ಲೋಹದ ಚೂರು ತುಂಬುವ ಚಿಪ್ಸ್ ಟ್ರಾಲಿ ಎಲ್ಲ ದಾರಿಯೊಳಗೇ ಬಂದು ಕೂರುತ್ತವೆ.

ಅಂಟಿಸುವಾಗ ಕೆಲಸವೆಲ್ಲ ನೆಲದ್ದು. ಕೂಲಂಟ್ (ಲೋಹ ಕತ್ತರಿಸುವಾಗ ತಣಿಸುವ ದ್ರವ), ಎಣ್ಣೆಯ ಜಿಡ್ಡು ಹೀರಿದ ಕಾಂಕ್ರೀಟಿಗೆ ಗುಡಿಸಿದರೆ ಸಾಲದು. ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಬೇಕು. ಚಾಕ್ ಪುಡಿ ಬಳಿದ ದಾರ ಹೊಡೆದು ನೇರ ಗುರುತು ಮೂಡಿಸಿ, ಟೇಪನ್ನು ಎಳೆಯದೆ ಹಾಸಿ ರೋಲರ್‌ನಿಂದ ಒತ್ತಬೇಕು. ಎಳೆದು ಅಂಟಿಸಿದ ಪಿವಿಸಿ ಆಮೇಲೆ ಕುಗ್ಗುತ್ತದೆ, ತುದಿಗಳು ಏಳುತ್ತವೆ. ಕೂಡುವಲ್ಲಿ ಒಂದರ ಮೇಲೊಂದು ಏರಿಸಬೇಡಿ, ಆ ಅಂಚಿಗೇ ಚಕ್ರ ಸಿಕ್ಕಿಕೊಳ್ಳುವುದು. ಒಂದು ದಿನ ಅದರ ಮೇಲೆ ಗಾಡಿ ಹತ್ತಿಸದಿದ್ದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ.

ಇಷ್ಟು ಮಾಡಿದರೂ ಫೋರ್ಕ್‌ಲಿಫ್ಟ್ ನಿಂತಲ್ಲೇ ಸ್ಟೀರಿಂಗ್ ತಿರುಗಿಸುವ ಜಾಗದಲ್ಲಿ ಟೇಪು ಸುಕ್ಕುಗಟ್ಟಿ ಹರಿಯುತ್ತದೆ. ಪ್ಯಾಲೆಟ್ ಎಳೆದಾಡುವಲ್ಲೂ ಅದೇ ಗತಿ. ಇದು ಟೇಪಿನ ದೋಷವೆನ್ನಲಾಗದು, ತೆಳು ಪಿವಿಸಿ ಅಷ್ಟನ್ನು ತಾಳದು. ಅಂಥ ತಿರುವುಗಳಿಗೆ, ಲೇಔಟ್ ನಿಕ್ಕಿಯಾದ ಮೇಲೆ, ಎಪಾಕ್ಸಿಯೇ ಸರಿ. ಅಲ್ಲಿಯವರೆಗೆ ಉದ್ದ ಗೆರೆಯ ಬದಲು 300 ಮಿ.ಮೀ. ತುಂಡುಗಳನ್ನು ಬಿಡಿಬಿಡಿಯಾಗಿ ಅಂಟಿಸಿದರೆ ಹರಿದದ್ದನ್ನಷ್ಟೇ ಬದಲಿಸಬಹುದು. ತಿಂಗಳುಗಟ್ಟಲೆ ಬಿಟ್ಟು ಕಿತ್ತರೆ ಅಂಟು ನೆಲದಲ್ಲೇ ಉಳಿದು ಧೂಳು ಹಿಡಿದು ಕಪ್ಪಾಗುತ್ತದೆ, ಅದನ್ನು ತೆಗೆಯುವುದು ಬೇಸರದ ಕೆಲಸ.

30 ಮೀಟರ್ ದಾರಿಯ ಎರಡು ಬದಿಗೆ ಎರಡು ರೋಲ್ ಸಾಕೆಂದು ಲೆಕ್ಕ ಹೇಳುತ್ತದೆ. ಮೂರು ತನ್ನಿ. ಮಿಕ್ಕ 6 ಮೀಟರನ್ನು ಮೂಲೆಗಳೇ ತಿಂದುಬಿಡುತ್ತವೆ.